ಎರಡು ಆಂಪ್ ಕಟ್ಟಿದರೆ ಎರಡು ಪಟ್ಟು ಸಂಗೀತವೇ?

ಅಪ್ಪನ ಕಾಲದ ಸ್ಪೀಕರನ್ನು ಊರಿನ ಅಟ್ಟದಿಂದ ಇಳಿಸಿ ವೈಟ್‌ಫೀಲ್ಡಿನ ಫ್ಲ್ಯಾಟಿಗೆ ತಂದ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ. ತಂದ ಮೂರನೇ ದಿನಕ್ಕೆ ಎಲ್ಲರದ್ದೂ ಒಂದೇ ಪ್ರಶ್ನೆ: "ಬಯ್-ಆಂಪಿಂಗ್ ಮಾಡ್ಬೇಕು ಗುರು, ಯಾವ ಎರಡು ಆಂಪ್ ತಗೊಳ್ಲಿ?" ಊಫರಿಗೆ ಒಂದು ಆಂಪ್ಲಿಫೈಯರ್, ಟ್ವೀಟರಿಗೆ ಇನ್ನೊಂದು. ಕೇಳೋಕೇನೋ ಚೆನ್ನಾಗಿದೆ. ನನಗಿರೋ ತಕರಾರು ಆ ಪ್ರಶ್ನೆಯ ಬಗ್ಗೆಯೇ.

ಮೊದಲು ಸ್ಪೀಕರಿನ ಬೆನ್ನು ನೋಡಿ. ನಾಲ್ಕು ಟರ್ಮಿನಲ್, ನಡುವೆ ಲೋಹದ ಪಟ್ಟಿ ಇದ್ದರೆ ಮಾತ್ರ ಮುಂದಿನ ಮಾತು. ಎಪ್ಪತ್ತರ ದಶಕದ ಬಹುಪಾಲು ಸ್ಪೀಕರುಗಳಿಗೆ ಇರೋದೇ ಎರಡು. ನಾಲ್ಕಿದ್ದರೂ ಆ ಪಟ್ಟಿ ತೆಗೆಯದೆ ಎರಡು ಆಂಪ್ ಜೋಡಿಸಿದರೆ ಒಂದರ ಔಟ್‌ಪುಟ್ ಇನ್ನೊಂದಕ್ಕೆ ಶಾರ್ಟ್ ಆದಂತೆ.

ಸರಿ, ಪಟ್ಟಿ ತೆಗೆದಿರಿ. ಒಳಗಿನ ಕ್ರಾಸ್‌ಓವರ್, ಅಂದರೆ ಮಂದ್ರ-ತಾರಗಳನ್ನು ಬೇರ್ಪಡಿಸುವ ಸರ್ಕ್ಯೂಟ್, ಹಾಗೇ ಇದೆ ಅಂದ್ಕೊಳ್ಳಿ. ಆಗ ಎರಡೂ ಆಂಪ್ ಪೂರ್ತಿ ಸಂಗೀತದ ವೋಲ್ಟೇಜನ್ನೇ ಎತ್ತಬೇಕು. ಹಂಚಿಹೋಗೋದು ಕರೆಂಟ್ ಮಾತ್ರ. ಹಾಗಾಗಿ 50 ಮತ್ತು 50 ಸೇರಿ 100 ವಾಟ್ ಆಗಲ್ಲ. ಆದರೂ ಏನು ಬಂತು? ವಾಟ್ ಇಮ್ಮಡಿಯಾದರೆ ಸದ್ದು ಏರೋದು 3 ಡೆಸಿಬೆಲ್ ಅಷ್ಟೇ. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದೇ ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುತ್ತೆ. ರಾತ್ರಿ ಹತ್ತರ ಮೇಲೆ ಎರಡನೇ ವಾಟ್ ತಲುಪೋ ಮೊದಲೇ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಫ್ಲ್ಯಾಟ್ ನಂಬರ್ ಬಂದಿರುತ್ತೆ.

ನಿಜವಾದ ಲಾಭ ಇರೋದು ಆಂಪಿಗೆ ಮೊದಲೇ ಸಿಗ್ನಲ್ ಒಡೆಯುವ ಆಕ್ಟಿವ್ ಕ್ರಾಸ್‌ಓವರಿನಲ್ಲಿ. ಲಿಂಕ್‌ವಿಟ್ಜ್ ಮತ್ತು ರೈಲಿ 1976ರಲ್ಲೇ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಊಫರಿನ ಆಂಪ್ ಮಿತಿ ಮೀರಿ ಒದರಿದರೂ ಆ ಕರ್ಕಶ ಟ್ವೀಟರಿಗೆ ಹೋಗಲ್ಲ. ಆದರೆ ಬೆಲೆ ಇದೆ. ಜೆಬಿಎಲ್ ಎಲ್100 ನೋಡಿ, 1970ರದ್ದು. ಅದರ ಊಫರಿಗೆ ಫಿಲ್ಟರೇ ಇಲ್ಲ. ತಾನಾಗೇ ಇಳಿಯೋವರೆಗೆ ಹಾಡುತ್ತೆ. ಆ ಸ್ಪೀಕರಿನ ಸ್ವಭಾವವೇ ಅದು. ಅಲ್ಲೊಂದು ಫಿಲ್ಟರ್ ಹಾಕಿದರೆ ಕೇಳಿಸೋದು ನಿಮ್ಮ ಸ್ಪೀಕರ್, ಎಲ್100 ಅಲ್ಲ. ಮೈಕ್ ಇಟ್ಟು ಅಳೆದು ಹೊಂದಿಸುವ ತಾಳ್ಮೆ ಇದ್ದವರಿಗೆ ಅದೂ ಒಂದು ಸುಖವೇ. ಇಲ್ಲದವರು ಕೈ ಹಾಕಬಾರದು.

ಮಾಡೇ ಮಾಡ್ತೀನಿ ಅನ್ನೋರಿಗೆ ನನ್ನ ಆಯ್ಕೆ ಸರಳ: ಒಂದೇ ಮಾದರಿಯ ಎರಡು ಆಂಪ್. ಬೇರೆ ಬೇರೆ ತಗೊಂಡರೆ ವಾಟ್‌ಗಿಂತ ಮೊದಲು ಗೇನ್ ನೋಡಿ. ಊಫರಿನದ್ದು 26 ಡೆಸಿಬೆಲ್, ಟ್ವೀಟರಿನದ್ದು 29 ಆದರೆ ಹಾಡಿನ ಪ್ರತಿ 'ಸ'ಕಾರವೂ ಕಿವಿಗೆ ಚುಚ್ಚುತ್ತೆ. ಟ್ವೀಟರಿಗೆ ಪುಟ್ಟ ಆಂಪ್ ಸಾಕು, ಆದರೆ ಹಿಸ್ ಇರಬಾರದು. ಎಸ್.ಪಿ. ರೋಡಿನ ಅಗ್ಗದ ಕ್ಲಾಸ್ ಡಿ ಬೋರ್ಡ್ ತರೋರು ಗಮನಿಸಿ: ಅನೇಕ ಬೋರ್ಡುಗಳಲ್ಲಿ ಸ್ಪೀಕರಿನ ಮೈನಸ್ ಗ್ರೌಂಡ್ ಆಗಿರಲ್ಲ. ಸ್ಪೀಕರಿನೊಳಗೆ ಎರಡೂ ಮೈನಸ್ ಸೇರಿದ್ದರೆ ಆಂಪ್ ಸುಡಬಹುದು. ಆಕ್ಟಿವ್ ಮಾಡುವಾಗ ಟ್ವೀಟರಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಇರಲೇಬೇಕು. ಸ್ವಿಚ್ ಒತ್ತಿದಾಗಿನ ಆ ಒಂದು 'ಧಬ್' ಸಾಕು, ನಲವತ್ತು ವರ್ಷದ ಟ್ವೀಟರ್ ಮುಗಿಸೋಕೆ. ಅದರ ಜೋಡಿ ಮತ್ತೆ ಸಿಗೋದು ಕಷ್ಟ.

ಇಷ್ಟೆಲ್ಲ ಆದಮೇಲೂ ಎರಡನೇ ಆಂಪಿನ ದುಡ್ಡು ಮೊದಲು ಹೋಗಬೇಕಾದ್ದು ಬೇರೆಡೆಗೆ. ಹಳೇ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಇಷ್ಟು ವರ್ಷದಲ್ಲಿ ಒಣಗಿ ತಮ್ಮ ಮೌಲ್ಯ ಬಿಟ್ಟುಕೊಟ್ಟಿರುತ್ತವೆ. ಊಫರಿನ ಫೋಮ್ ಅಂಚು ಬೆರಳಿಗೆ ಪುಡಿಯಾಗುತ್ತೆ. ಅದೇ ಮೌಲ್ಯದ ನಾನ್-ಪೋಲಾರ್ ಕೆಪಾಸಿಟರ್ ಹಾಕಿಸಿ, ಹೊಸ ಫೋಮ್ ಅಂಟಿಸಿ. ಒಂದು ಒಳ್ಳೆಯ ಆಂಪ್ ಕೊಟ್ಟು ಒಂದು ತಿಂಗಳು ಕೇಳಿ. ಆಮೇಲೂ ಏನೋ ಕಮ್ಮಿ ಅನ್ನಿಸಿದರೆ ಎರಡನೇ ಆಂಪ್ ಎಲ್ಲೂ ಓಡಿಹೋಗಲ್ಲ.