‘ರೋಗನಿರೋಧಕ ಶಕ್ತಿ’ ಎಂಬ ಮಾತು: ಒಂದು ವಿಮರ್ಶೆ

ದೇಹದ ರೋಗನಿರೋಧಕ ವ್ಯವಸ್ಥೆಯನ್ನು ವಿವರಿಸುವಾಗ ನಾವು ಕನ್ನಡದಲ್ಲಿ ಯುದ್ಧದ ಭಾಷೆಯನ್ನೇ ಬಳಸುತ್ತ ಬಂದಿದ್ದೇವೆ. ರೋಗಾಣು ಶತ್ರು, ಬಿಳಿಯ ರಕ್ತಕಣ ಸೈನಿಕ, ‘ಶಕ್ತಿ’ ಹೆಚ್ಚಿದಷ್ಟೂ ಕ್ಷೇಮ. ಉಡುಪಿ, ಕಾಪುಗಳ ಔಷಧದಂಗಡಿಗಳಲ್ಲಿ ಆ ಶಕ್ತಿಯನ್ನು ವರ್ಧಿಸುವುದಾಗಿ ಸಾರುವ ಸೀಸೆಗಳು ಮಾರಾಟವಾಗುವುದೂ ಈ ಭಾಷೆಯ ಬಲದಿಂದಲೇ. ವೈದ್ಯಶಾಸ್ತ್ರವು ಪ್ರಸ್ತುತ ಲೇಖಕನ ಕ್ಷೇತ್ರವಲ್ಲ. ಆದರೆ ಒಂದು ಕಲ್ಪನೆಯ ಚರಿತ್ರೆಯನ್ನು ಪರೀಕ್ಷಿಸುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲುವ ಕಾರ್ಯವೇ ಸರಿ.

ರೋಗನಿರೋಧಕ ಕ್ರಿಯೆಯನ್ನು ತಡೆಹಿಡಿಯುವ ಕೋಶಗಳೂ ದೇಹದಲ್ಲಿವೆಯೆಂಬ ವಾದವನ್ನು 1970ರ ಸುಮಾರಿಗೆ ಅಮೆರಿಕದ ರಿಚರ್ಡ್ ಗರ್ಷನ್ ಮಂಡಿಸಿದರು. 1980ರ ದಶಕದಲ್ಲಿ ಅದರ ಆಧಾರಗಳು ಕುಸಿದು, ವಾದವು ಮೂಲೆಗುಂಪಾಯಿತು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿಯವರು ಅಂಥ ಕೋಶಗಳನ್ನು ಸ್ಪಷ್ಟವಾಗಿ ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರು ಫಾಕ್ಸ್‌ಪಿ-3 ಎಂಬ ಜೀನನ್ನು ಬೆಳಕಿಗೆ ತಂದರು; ಈ ಕೋಶಗಳ ಬೆಳವಣಿಗೆ ಆ ಜೀನಿನ ಅಧೀನವೆಂಬುದು 2003ರಲ್ಲಿ ತಿಳಿಯಿತು. ಮೂವರೂ 2025ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಈ ಕೋಶಗಳಿಗೆ ‘ನಿಯಂತ್ರಕ ಟಿ-ಕೋಶ’ಗಳೆಂದು ಹೆಸರು.

ನಮಗೆ ಹೆಚ್ಚು ಪ್ರಸ್ತುತವಾದುದು 2009ರ ಸಂಶೋಧನೆ. ಕೃಶವಾದ ಇಲಿಗಳ ಹೊಟ್ಟೆಯ ಕೊಬ್ಬಿನಲ್ಲಿ ಈ ಕೋಶಗಳು ವಿಪುಲವಾಗಿಯೂ ಸ್ಥೂಲವಾದ ಇಲಿಗಳಲ್ಲಿ ವಿರಳವಾಗಿಯೂ ಕಂಡುಬಂದವು. ಅವು ಕಡಿಮೆಯಾದಲ್ಲಿ ಕೊಬ್ಬಿನೊಳಗೆ ಉರಿಯೂತ ಹೆಚ್ಚುತ್ತದೆ. ಇನ್ಸುಲಿನ್ನಿನ ಕಾರ್ಯ ಕುಂದುತ್ತದೆ. ಅಂದರೆ ಇಲ್ಲಿ ಕೇಡಿನ ಮೂಲ ಸೈನ್ಯದ ದೌರ್ಬಲ್ಯವಲ್ಲ, ಅದರ ಅನಿರ್ಬಂಧ. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಪ್ರತಿಷ್ಠಿತನಾದ ಬಾಹುಬಲಿಯ ಹಿರಿಮೆಯೂ ಗೆಲುವಿನಲ್ಲಿಲ್ಲ, ಗೆದ್ದ ಮೇಲೆ ತಡೆದ ಕೈಯಲ್ಲಿದೆ.

ಆದರೆ ಸೈನಿಕನ ಸ್ಥಾನದಲ್ಲಿ ಸಂಯಮಿಯನ್ನು ಕೂರಿಸಿದರೆ ನಮ್ಮ ಕೆಲಸ ಮುಗಿಯಲಿಲ್ಲ. ಮುಪ್ಪಿನ ಇಲಿಗಳ ಕೊಬ್ಬಿನಲ್ಲಿ ಇದೇ ಕೋಶಗಳು ಅತಿಯಾಗಿ ಶೇಖರವಾಗುತ್ತವೆ. ಅವನ್ನು ತೆಗೆದಾಗ ಇನ್ಸುಲಿನ್ನಿನ ಕಾರ್ಯ ಸುಧಾರಿಸಿತೆಂದು 2015ರ ಪ್ರಯೋಗ ತೋರಿಸಿದೆ. ಸಂಯಮವೂ ಕಾಲ, ಸ್ಥಳಗಳನ್ನು ಅನುಸರಿಸಿಯೇ ಗುಣವಾಗುತ್ತದೆ. ಇಲಿಗಳ ತೀರ್ಪನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸುವುದೂ ಸಲ್ಲದು. ನೋಟಕ್ಕೆ ಕೃಶನಾದ ಭಾರತೀಯನ ಹೊಟ್ಟೆಯೊಳಗೂ ಕೊಬ್ಬು ತುಂಬಿರಬಹುದು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ನಮ್ಮ ದೇಶದ ಮಧುಮೇಹಿಗಳನ್ನು 10.1 ಕೋಟಿಯೆಂದು ಅಂದಾಜು ಮಾಡಿತು. ಇಂಥ ದೇಶದಲ್ಲಿ ಮಾತಿನ ಸಡಿಲವು ಕೇವಲ ಶೈಲಿಯ ದೋಷವಲ್ಲ. ‘ಶಕ್ತಿ’ಯನ್ನು ನಂಬಿ ಸೀಸೆ ಕೊಂಡವನು ಪಥ್ಯವನ್ನೂ ನಡಿಗೆಯನ್ನೂ ಮುಂದೂಡಿಯಾನು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ನಡೆದುಬಂದಿದೆ. ಅಲ್ಲಿನ ಶಾಸ್ತ್ರಜ್ಞರೂ ಸುತ್ತಲಿನ ಕನ್ನಡ ಅಧ್ಯಾಪಕರೂ ಒಟ್ಟಿಗೆ ಕುಳಿತು ‘ಶಕ್ತಿ’ಗೆ ಬದಲಾಗಿ ‘ಸಮತೋಲ’ವನ್ನು ಪಾಠಕ್ಕೆ ತರುವುದಾದರೆ, ಅದು ಭಾಷಾಸೇವೆಯೂ ಆರೋಗ್ಯಸೇವೆಯೂ ಆದೀತು.