ಪದಕದ ಹುಲಿ, ಕಾಸಿನ ಆನೆ

ನಾಣ್ಯ ಸಂಗ್ರಹದಷ್ಟು ನಿರುಪದ್ರವಿಯಾದ ಹವ್ಯಾಸ ಇನ್ನೊಂದಿಲ್ಲ ಎಂಬ ಮಾತಿದೆ. ಯಾರಿಗೂ ಕೇಡಿಲ್ಲ, ಸದ್ದಿಲ್ಲ, ಒಂದು ಆಲ್ಬಂ ಇದ್ದರೆ ಸಾಕು. ಆದರೆ ನಾಣ್ಯ ಎನ್ನುವುದು ಲೋಹದ ಮೇಲೆ ಪ್ರಭುತ್ವ ಒತ್ತಿದ ಮಾತು. ಸ್ಮರಣಾರ್ಥ ನಾಣ್ಯವಂತೂ ಆ ಮಾತಿನ ದೊಡ್ಡ ದನಿ. ಏನನ್ನು ನೆನೆಯಬೇಕು, ಯಾರನ್ನು ನೆನೆಯಬೇಕು ಎಂದು ಅಧಿಕಾರದಲ್ಲಿದ್ದವರು ತೀರ್ಮಾನಿಸಿ ಅಚ್ಚು ಹಾಕುತ್ತಾರೆ. ಸಂಗ್ರಾಹಕ ಅದನ್ನು ಕೊಂಡು ಜೋಪಾನ ಮಾಡುತ್ತಾನೆ. ಹಾಗೆ ಜೋಪಾನ ಮಾಡುವಾಗ ಬೇರೆಯವರ ನೆನಪನ್ನು ತನ್ನದೆಂದು ಒಪ್ಪಿಕೊಳ್ಳುತ್ತಿದ್ದಾನೆಯೇ ಎಂಬ ಪ್ರಶ್ನೆ ಅವನಿಗೆ ಬರುವುದು ಅಪರೂಪ.

ಈ ಪ್ರಶ್ನೆಯನ್ನು ಕೇಳಲು ಮಂಡ್ಯ ಸೀಮೆಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಊರಿನ ಹೆಸರುಗಳೇ ಸ್ಮಾರಕಗಳು. ಅತ್ತಿಕುಪ್ಪೆ ಎಂಬ ಊರು ಒಡೆಯರ ನೆನಪಿಗೆ ಕೃಷ್ಣರಾಜಪೇಟೆ ಆಯಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಗಿ, ಆಮೇಲೆ ಪಾಂಡವಪುರವಾಯಿತು. ಶ್ರೀರಂಗಪಟ್ಟಣ ಮಾತ್ರ ಹಾಗೇ ಉಳಿಯಿತು. ಸುತ್ತಲ ಹಳ್ಳಿಯವರು ಅದನ್ನು ಈಗಲೂ ಬರೀ ‘ಪಟ್ಣ’ ಎನ್ನುತ್ತಾರೆ. ಟಿಪ್ಪುವಿನ ಟಂಕಸಾಲೆಯ ನಾಣ್ಯಗಳ ಮೇಲೆ ಫಾರ್ಸಿ ಲಿಪಿಯಲ್ಲಿ ಇರುವುದೂ ಇದೇ ಮಾತು: ‘ಪಟನ್’. ಸುಲ್ತಾನನ ಅಚ್ಚಿನ ಮೊಳೆಗೂ ಗಾಡಿ ಹೊಡೆಯುವವನ ನಾಲಿಗೆಗೂ ಊರಿನ ಹೆಸರು ಒಂದೇ ಆಗಿತ್ತು.

ಈ ಪಟ್ಟಣದ ಹೆಸರಿನಲ್ಲಿ ಜಗತ್ತಿನಲ್ಲೆಲ್ಲ ಸಂಗ್ರಾಹಕರು ಹುಡುಕುವ ಒಂದು ಸ್ಮರಣಾರ್ಥ ವಸ್ತುವಿದೆ. ಅದು ಟಿಪ್ಪು ಹಾಕಿಸಿದ್ದಲ್ಲ, ಅವನನ್ನು ಕೊಂದವರು ಹಾಕಿಸಿದ್ದು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಹಂಚಿದ ‘ಸೆರಿಂಗಪಟಂ ಪದಕ’. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿ ಮ್ಯಾಥ್ಯೂ ಬೌಲ್ಟನ್ ನಡೆಸುತ್ತಿದ್ದ, ಉಗಿಯಿಂದ ಓಡುವ ಟಂಕಸಾಲೆಯಲ್ಲಿ ಅದು ತಯಾರಾಯಿತು. ಅಚ್ಚು ಕೆತ್ತಿದವನು ಕ್ಯೂಖ್ಲರ್ ಎಂಬ ಜರ್ಮನ್ ಕುಶಲಕರ್ಮಿ. ಬಂಗಾರ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ ಹೀಗೆ ಐದು ದರ್ಜೆ. ಬಂಗಾರ ದೊಡ್ಡ ಸಾಹೇಬರಿಗೆ, ತವರ ಸಾಮಾನ್ಯ ಸಿಪಾಯಿಗೆ. ಒಂದೇ ಗೋಡೆ ಹತ್ತಿ ಒಂದೇ ಗುಂಡಿಗೆ ಎದೆ ಒಡ್ಡಿದವರ ನೆನಪಿಗೂ ಐದು ಬೆಲೆ.

ಪದಕದ ಒಂದು ಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ, ಮೇಲೆ ನಡುಹಗಲಿನ ಸೂರ್ಯ. ಇನ್ನೊಂದು ಬದಿಯಲ್ಲಿ ಬ್ರಿಟಿಷ್ ಸಿಂಹ ಒಂದು ಹುಲಿಯನ್ನು ಕೆಡವಿ ಮೆಟ್ಟಿದೆ. ಹುಲಿ ಯಾರೆಂದು ವಿವರಿಸಬೇಕಿಲ್ಲ. ಇಷ್ಟಾಗಿದ್ದರೆ ಇದು ಗೆದ್ದವರ ಮಾಮೂಲಿ ಜಂಬ. ಆದರೆ ಸಿಂಹದ ಮೇಲೆ ಹಾರುವ ಬಾವುಟದಲ್ಲಿ ಅರಬಿ ಅಕ್ಷರಗಳಿವೆ: ‘ಅಸದುಲ್ಲಾಹಿಲ್ ಗಾಲಿಬ್’. ಅಲ್ಲಾಹನ ಸಿಂಹ ವಿಜಯಿ ಎಂದು ಅರ್ಥ. ‘ಅಸದುಲ್ಲಾಹ್’ ಎಂಬುದು ಹಝ್ರತ್ ಅಲಿಯವರ(ರ) ಬಿರುದು. ಟಿಪ್ಪು ಈ ಮಾತನ್ನು ಹುಲಿಮುಖದ ಆಕಾರದಲ್ಲಿ ಬರೆಸಿ ತನ್ನ ಆಯುಧಗಳ ಮೇಲೆ ಹಾಕಿಸಿದ್ದ. ಕಂಪನಿ ಅವನ ಕೋಟೆಯ ಜೊತೆಗೆ ಅವನ ಪ್ರಾರ್ಥನೆಯ ಮಾತನ್ನೂ ವಶಪಡಿಸಿಕೊಂಡು, ಅಲ್ಲಾಹನ ಸಿಂಹದ ಜಾಗದಲ್ಲಿ ತನ್ನ ಸಿಂಹವನ್ನು ನಿಲ್ಲಿಸಿತು. ಹಿಂಬದಿಯ ಫಾರ್ಸಿ ಬರಹದಲ್ಲಿ ಕೋಟೆ ದೇವರು ಕೊಟ್ಟದ್ದು ಎಂಬ ಅರ್ಥದ ಮಾತು ಮತ್ತು ಹಿಜರಿ 1213ರ ದುಲ್‌ಕಅದ್ ತಿಂಗಳ ದಿನಾಂಕವಿದೆ. ಟಿಪ್ಪು ತನ್ನ ಆಡಳಿತವನ್ನು ಕರೆಯುತ್ತಿದ್ದುದು ‘ಸರ್ಕಾರ್ ಎ ಖುದಾದಾದ್’ ಎಂದು, ಅಂದರೆ ದೇವರು ಕೊಟ್ಟ ಸರ್ಕಾರ. ಸತ್ತವನ ಮೈಮೇಲಿನ ಒಡವೆ ಬಿಚ್ಚಿದಂತೆ ಅವನ ಒಂದೊಂದೇ ಮಾತನ್ನು ಬಿಚ್ಚಿಕೊಳ್ಳಲಾಗಿತ್ತು.

ಇದಕ್ಕೂ ಮೊದಲಿನ ಇನ್ನೊಂದು ಪದಕವಿದೆ. ಅದೂ ಕ್ಯೂಖ್ಲರ್ ಕೆತ್ತಿದ್ದೇ. 1792ರಲ್ಲಿ ಕಾರ್ನ್‌ವಾಲಿಸ್ ಮುಂದೆ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಲು ಒಪ್ಪಬೇಕಾಯಿತು. ಹಣ ಪೂರ್ತಿ ಸಂದಾಯವಾಗುವವರೆಗೆ ಹತ್ತು ಮತ್ತು ಎಂಟರ ಆಸುಪಾಸಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಇಝುದ್ದೀನ್, ಒತ್ತೆಯಾಳುಗಳಾದರು. ಆ ಮಕ್ಕಳನ್ನು ಕಾರ್ನ್‌ವಾಲಿಸ್ ಕೈನೀಡಿ ಬರಮಾಡಿಕೊಳ್ಳುವುದೇ ಪದಕದ ಚಿತ್ರ. ಸುತ್ತ ಲ್ಯಾಟಿನ್ ಭಾಷೆಯಲ್ಲಿ, ಶತ್ರುವಿಗೆ ಕರುಣೆ ತೋರುವುದು ಸರಿ ಎಂಬ ಅರ್ಥದ ಬರಹ. ಹಣಕ್ಕಾಗಿ ಮಕ್ಕಳನ್ನು ಅಡವಿಟ್ಟುಕೊಂಡ ವ್ಯವಹಾರ ಲೋಹದ ಮೇಲೆ ದಯೆಯ ಚಿತ್ರವಾಯಿತು. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಪದಕ ಅದನ್ನು ಹೇಳುವುದಿಲ್ಲ.

ಹರಾಜು ಪಟ್ಟಿಗಳಲ್ಲಿ ಈ ಪದಕಗಳ ತೂಕ, ಸುತ್ತಳತೆ, ಅಂಚಿನ ಸ್ಥಿತಿ, ಯಾವ ಸಾಹೇಬನ ಮನೆತನದಿಂದ ಬಂತು ಎಂಬ ವಿವರ ಚೊಕ್ಕವಾಗಿ ಇರುತ್ತದೆ. ಬಾವುಟದ ಅರಬಿ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ. ಪದಕವನ್ನು ಸಂಗ್ರಹಿಸುವುದು ತಪ್ಪಲ್ಲ. ಓದದೆ ಸಂಗ್ರಹಿಸುವುದು, ಗೆದ್ದವನ ಭಾಷಣವನ್ನು ಇನ್ನೊಮ್ಮೆ ಓದಿದಂತೆ. ಪಟ್ಟಣದ ಕೋಟೆಯೊಳಗೆ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಪಡೆಯವರಿಗಾಗಿ 1907ರಲ್ಲಿ ಮೈಸೂರು ಸರ್ಕಾರವೇ ಸ್ತಂಭ ನಿಲ್ಲಿಸಿತು. ಅದೇ ಗೋಡೆಯ ಒಳಗಡೆ ಸತ್ತ ಸಾವಿರಾರು ಕನ್ನಡಿಗ ಸಿಪಾಯಿಗಳಿಗೆ ತವರದ ಪದಕವೂ ಇಲ್ಲ, ಕಲ್ಲಿನ ಕಂಬವೂ ಇಲ್ಲ.

ಹಾಗಾದರೆ ಅವರ ನೆನಪು ಯಾವುದರಲ್ಲಿದೆ? ಅವರ ಕೈಯಲ್ಲಿ ಓಡಾಡಿದ ತಾಮ್ರದ ಕಾಸಿನಲ್ಲಿ ಇರಬಹುದು. ಟಿಪ್ಪುವಿನ ನಾಣ್ಯಗಳ ಬಗ್ಗೆ ಜೆ.ಆರ್. ಹೆಂಡರ್ಸನ್ 1921ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪುಸ್ತಕವೇ ಈ ವಿಷಯದಲ್ಲಿ ಇಂದಿಗೂ ಸಂಗ್ರಾಹಕರ ಆಧಾರ. ಅದರ ಹಾದಿಯಲ್ಲಿ ನೋಡುತ್ತ ಹೋದರೆ ಬೆರಗಾಗುವ ಸಂಗತಿಗಳಿವೆ.

ಮೊದಲನೆಯದು, ಟಿಪ್ಪು ತನ್ನ ನಾಣ್ಯಗಳಿಗೆ ಇಟ್ಟ ಹೆಸರುಗಳು. ಬಂಗಾರದ ನಾಣ್ಯ ‘ಅಹ್ಮದಿ’, ಪ್ರವಾದಿಯವರ(ಸ) ಹೆಸರು. ಅದರ ಅರ್ಧ ‘ಸಿದ್ದೀಕಿ’, ಅಬೂಬಕರ್ ಸಿದ್ದೀಕ್(ರ) ಅವರದು. ಬಂಗಾರದ ವರಹ ‘ಫಾರೂಕಿ’, ಉಮರ್ ಫಾರೂಕ್(ರ) ಅವರದು. ಬೆಳ್ಳಿಗೆ ಬಂದರೆ ಎರಡು ರೂಪಾಯಿಯ ‘ಹೈದರಿ’, ಒಂದು ರೂಪಾಯಿಯ ‘ಇಮಾಮಿ’, ಅದರ ಕೆಳಗೆ ‘ಆಬಿದಿ’, ‘ಬಾಕಿರಿ’, ‘ಜಾಫರಿ’, ‘ಕಾಝಿಮಿ’. ಹೈದರ್ ಎಂಬುದು ಹಝ್ರತ್ ಅಲಿಯವರ(ರ) ಇನ್ನೊಂದು ಬಿರುದು, ಉಳಿದವು ಇಮಾಮರ ಹೆಸರುಗಳು. ಬಂಗಾರದಲ್ಲಿ ಖಲೀಫರು, ಬೆಳ್ಳಿಯಲ್ಲಿ ಇಮಾಮರು. ಸುನ್ನಿಗಳ ಪೂಜ್ಯರೂ ಶಿಯಾಗಳ ಪೂಜ್ಯರೂ ಒಂದೇ ಥೈಲಿಯಲ್ಲಿ. ತಾಮ್ರಕ್ಕೆ ಆಕಾಶವನ್ನೇ ಇಳಿಸಿದ. ಪೈಸೆ ‘ಝುಹ್ರಾ’, ಅಂದರೆ ಶುಕ್ರ. ಅದರ ಅರ್ಧ ‘ಬಹ್ರಾಮ್’, ಮಂಗಳ. ಕಾಲು ‘ಅಖ್ತರ್’, ನಕ್ಷತ್ರ. ಅತಿ ಸಣ್ಣದು ‘ಕುತುಬ್’, ಧ್ರುವ. ಬಡವನ ಜೇಬಿಗೆ ನಕ್ಷತ್ರಗಳು ಬಂದವು.

ಎರಡನೆಯದು, ಇಷ್ಟೆಲ್ಲ ಹೆಸರು ಇಟ್ಟವನ ಸ್ವಂತ ಹೆಸರು ಅವನ ನಾಣ್ಯಗಳ ಮೇಲೆ ಇಲ್ಲ. ತಂದೆಯ ಹೆಸರಿನ ಮೊದಲ ಅಕ್ಷರ ‘ಹೇ’ ಇದೆ. ಮೊಗಲ್ ಬಾದಶಾಹನ ಹೆಸರನ್ನೂ ಅವನು ಕೈಬಿಟ್ಟ. ಟಿಪ್ಪುವನ್ನು ಅಹಂಕಾರಿ ಎಂದು ಬರೆದ ಸಾಹೇಬರ ಪುಸ್ತಕಗಳ ಪಕ್ಕದಲ್ಲಿ ಈ ನಾಣ್ಯವನ್ನು ಇಟ್ಟು ನೋಡಬೇಕು.

ಮೂರನೆಯದು ಕಾಲದ ಲೆಕ್ಕ. 1787ರ ಹೊತ್ತಿಗೆ ಟಿಪ್ಪು ಹಿಜರಿಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆಯನ್ನು ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ತಿಳಿಯದವರು 1215ನ್ನು 5121 ಎಂದು ಓದುತ್ತಾರೆ. ಆದರೆ ಈ ಹೊಸ ಪಂಚಾಂಗದ ಒಳಗಿನ ಎಲುಬುಗೂಡು ನಮ್ಮ ಊರಿನದೇ. ಅಧಿಕಮಾಸವಿರುವ ಚಾಂದ್ರಮಾನ ವರ್ಷ, ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ, ಎಲ್ಲವೂ ಹಾಗೇ ಇದೆ. ಹೆಸರು ಮಾತ್ರ ಬೇರೆ. 1784ರ ಕ್ರೋಧಿ ಸಂವತ್ಸರ ಚಕ್ರದಲ್ಲಿ ಮೂವತ್ತೆಂಟನೆಯದು. ಟಿಪ್ಪು ಅದಕ್ಕೆ ‘ಅಝಲ್’ ಎಂದು ಹೆಸರಿಟ್ಟ. ಅಬ್ಜದ್ ಲೆಕ್ಕದಲ್ಲಿ ಅಲಿಫ್‌ಗೆ 1, ಝೇಗೆ 7, ಲಾಮ್‌ಗೆ 30. ಕೂಡಿಸಿದರೆ 38. ಯುಗಾದಿಗೆ ಪಂಚಾಂಗ ಶ್ರವಣ ಕೇಳುವ ಶಾನುಭೋಗನೂ ನಾಣ್ಯದ ಮೇಲಿನ ಅರಬಿ ಅಕ್ಷರ ಬಲ್ಲ ಮುನ್ಶಿಯೂ ಒಂದೇ ವರ್ಷವನ್ನು ಎರಡು ಹೆಸರಿನಲ್ಲಿ ಎಣಿಸುತ್ತಿದ್ದರು.

ನಾಲ್ಕನೆಯದು ಆನೆ. ಹೈದರನ ಬಂಗಾರದ ವರಹದ ಮೇಲೆ ಶಿವ ಪಾರ್ವತಿಯರ ಚಿತ್ರವಿತ್ತು. ಬಿದನೂರನ್ನು ಗೆದ್ದ ಮೇಲೆ ಅಲ್ಲಿನ ಹಳೆಯ ನಮೂನೆಯನ್ನು ಅವನು ಮುಂದುವರಿಸಿದ, ಬೆನ್ನಿಗೆ ತನ್ನ ‘ಹೇ’ ಅಕ್ಷರ ಹಾಕಿಸಿದ. ಟಿಪ್ಪು ದೇವರ ಚಿತ್ರವನ್ನು ಬಿಟ್ಟ, ಆದರೆ ತಾಮ್ರದ ಕಾಸಿನ ಮೇಲಿನ ಆನೆಯನ್ನು ಉಳಿಸಿಕೊಂಡ. 1799ರ ನಂತರ ಸಿಂಹಾಸನಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ ಇದೆ. ಮುಂದೆ ಅದೇ ಕಾಸುಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡ ಅಕ್ಷರಗಳು ಬಂದವು. ದೊರೆ ಬದಲಾದ, ಲಿಪಿ ಬದಲಾಯಿತು, ಆನೆ ಮಾತ್ರ ನಡೆಯುತ್ತಲೇ ಇತ್ತು. ಸಂತೆಯಲ್ಲಿ ರಾಗಿ ಮಾರುವವಳಿಗೆ ಬೇಕಾದದ್ದು ಆ ಆನೆಯ ಗುರುತು.

ಇದನ್ನೆಲ್ಲ ಹೇಳಿ ಟಿಪ್ಪುವನ್ನು ಸಂತನನ್ನಾಗಿ ಮಾಡಬೇಕಿಲ್ಲ. ಗೆದ್ದ ಊರುಗಳ ಹೆಸರು ಬದಲಿಸಿದ್ದಕ್ಕೂ ನಾಣ್ಯಗಳೇ ಸಾಕ್ಷಿ. ಚಿತ್ರದುರ್ಗ ‘ಫರ್ರುಖ್‌ಯಾಬ್ ಹಿಸಾರ್’ ಆಯಿತು, ಧಾರವಾಡ ‘ಖುರ್ಷೀದ್ ಸವಾದ್’ ಆಯಿತು. ಜನ ಅದನ್ನು ಒಪ್ಪಲಿಲ್ಲ, ಹೆಸರುಗಳು ಟಂಕಸಾಲೆಯ ಹೊಸ್ತಿಲು ದಾಟಲಿಲ್ಲ. ನಾಣ್ಯ ಪ್ರಭುತ್ವದ ಮಾತು ಎಂದ ಮೇಲೆ ಅದು ನಮ್ಮವನ ಪ್ರಭುತ್ವಕ್ಕೂ ಅನ್ವಯಿಸಬೇಕು.

ಈಗಿನ ಸ್ಮರಣಾರ್ಥ ನಾಣ್ಯಗಳಿಗೆ ಬರೋಣ. ಸ್ವತಂತ್ರ ಭಾರತ ಇಂಥ ಮೊದಲ ನಾಣ್ಯವನ್ನು 1964ರಲ್ಲಿ ನೆಹರೂ ನೆನಪಿಗೆ ತಂದಿತು. 1969ರಲ್ಲಿ ಗಾಂಧಿ ಶತಮಾನೋತ್ಸವದ ಇಪ್ಪತ್ತು ಪೈಸೆ ಬಂತು. ಅವು ಜನರ ಕೈಯಲ್ಲಿ ತಿರುಗಿದವು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡುವಾಗ ಗಾಂಧಿ ಕೈಗೆ ಬರುತ್ತಿದ್ದ. 2006ರಲ್ಲಿ ಬಸವಣ್ಣನವರ ಐದು ರೂಪಾಯಿ ಬಂದಾಗಲೂ ಅದು ಬೀಡಾ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಿಗುತ್ತಿತ್ತು. ಕಾಯಕದ ಮಾತಾಡಿದವರ ನಾಣ್ಯ ದುಡಿಯುವವರ ಕೈಯಲ್ಲಿ ಇರುವುದು ನ್ಯಾಯವೇ. ಆಮೇಲೆ ನೂರು, ನೂರೈವತ್ತರ ಮುಖಬೆಲೆಗಳು ಹೆಚ್ಚಿದವು. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿಗೆ ಸಾವಿರ ರೂಪಾಯಿಯ ನಾಣ್ಯವೇ ಬಂತು. ಇವು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತವೆ. ಯಾವ ಸಂತೆಗೂ ಹೋಗುವುದಿಲ್ಲ. ಕೈಯಿಂದ ಕೈಗೆ ಹೋಗದ ನೆನಪು ಸಮಾಜದ ನೆನಪಾಗುವುದು ಹೇಗೆ?

ಮುಸ್ಲಿಮರಾದ ನಮ್ಮಲ್ಲಿಯೂ ಒಂದು ರೋಗವಿದೆ. ಟಿಪ್ಪುವಿನ ನಾಣ್ಯ ಎಂದರೆ ಕಣ್ಣಿಗೊತ್ತಿಕೊಳ್ಳುವುದು, ಬೆಳ್ಳಿ ಕಟ್ಟು ಹಾಕಿಸಿ ಕೊರಳಿಗೆ ಇಳಿಬಿಡುವುದು. ಅದರ ಮೇಲೆ ಏನಿದೆ ಎಂದು ಓದುವುದು ಕಡಿಮೆ. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿ, 2019ರಲ್ಲಿ ಬೇರೊಂದು ಸರ್ಕಾರ ಅದನ್ನು ನಿಲ್ಲಿಸಿದ ಆ ನಾಲ್ಕು ವರ್ಷ ಬೀದಿಯಲ್ಲಿ ಪರ ವಿರೋಧದ ಗದ್ದಲ ಬೇಕಾದಷ್ಟಾಯಿತು. ಕ್ರೋಧಿ ಮತ್ತು ಅಝಲ್ ಒಂದೇ ವರ್ಷ ಎಂಬ ಸಣ್ಣ ಸತ್ಯ ಎರಡೂ ಕಡೆಯವರ ಕಿವಿಗೆ ಬೀಳಲಿಲ್ಲ. ಜಯಂತಿಗಳನ್ನು ಸರ್ಕಾರ ಕೊಡಬಹುದು, ಕಿತ್ತುಕೊಳ್ಳಲೂಬಹುದು. ಈ ಕಾಸಿನ ಮೇಲಿನ ಅಕ್ಷರವನ್ನು ಯಾವ ಸರ್ಕಾರವೂ ಹಿಂಪಡೆಯಲಾರದು.

ಆದ್ದರಿಂದ ಈ ಹವ್ಯಾಸಕ್ಕೆ ಇಳಿಯುವ ಹುಡುಗರಿಗೆ ಒಂದೆರಡು ಮಾತು. ಪ್ರವಾಸಿ ತಾಣಗಳಲ್ಲಿ ‘ಟಿಪ್ಪು ಕಾಲದ್ದು’ ಎಂದು ಸಿಗುವುದರಲ್ಲಿ ಎರಕ ಹೊಯ್ದ ನಕಲುಗಳು ಬಹಳ. ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿ, ಮೊಂಡಾದ ಅಕ್ಷರ ಕಂಡರೆ ಅನುಮಾನ ಪಡಬೇಕು. ಅಸಲಿ ಕಾಸು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಆ ಕಪ್ಪು, ಹಸಿರು ಪೊರೆಯೇ ಅದರ ವಯಸ್ಸು. ಹೊಲ ಉಳುವಾಗ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯಿದೆ ಹೇಳುತ್ತದೆ. ನೂರು ವರ್ಷ ಮೀರಿದ ನಾಣ್ಯವನ್ನು ದೇಶದ ಹೊರಗೆ ಮಾರುವುದು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಅಪರಾಧ. ಕಾನೂನಿನ ಭಯ ಒಂದೇ ಕಾರಣವಲ್ಲ. ಯಾವ ಹೊಲದಲ್ಲಿ, ಯಾವ ಗಡಿಗೆಯಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಅಳಿದರೆ ನಾಣ್ಯದ ಅರ್ಧ ಮಾತು ಅಳಿಯುತ್ತದೆ.

ಮಖಮಲ್ಲಿನ ಪೆಟ್ಟಿಗೆಗೆ ಕೂಡಿಟ್ಟ ಹಣದಲ್ಲಿ ಒಬ್ಬ ಹುಡುಗ ಒಂದು ಸವೆದ ಝುಹ್ರಾ ಕೊಂಡು, ಅದರ ಮೇಲಿನ ‘ಪಟನ್’ ಎಂಬ ನಾಲ್ಕು ಗೆರೆಯನ್ನು ಬೆರಳಿಟ್ಟು ಓದಲು ಕಲಿತರೆ ಸಾಕು. ಪಕ್ಕದ ಮನೆಯ ಗೆಳೆಯನಿಗೆ ಆನೆಯನ್ನು ತೋರಿಸಿ, ಇದು ನಿಮ್ಮದೂ ನಮ್ಮದೂ ಎಂದರೆ ಅದಕ್ಕೆ ಸರ್ಕಾರದ ಅಧಿಸೂಚನೆ ಬೇಕಿಲ್ಲ.