ರಿಮೋಟ್ ಪ್ರಾಜೆಕ್ಟಿನಲ್ಲಿ ಕಲಿಯದೆ ಉಳಿದದ್ದು

ಪುಣೆಯ ಬುಧವಾರ ಪೇಠೆಯಲ್ಲಿ ತಪಕೀರ್ ಗಲ್ಲಿ ಇದೆ. ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಈ ಊರಿಗೆ ಅದು ಹಾಗೆ. ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ಸಮಯ ಬಂತೆಂದರೆ ಬೆಳಗಾವಿ, ವಿಜಯಪುರ ಕಡೆಯಿಂದ ಓದಲು ಬಂದ ನಮ್ಮ ಹುಡುಗರೂ ಅಲ್ಲಿ ಚೀಟಿ ಹಿಡಿದು ನಿಂತಿರುತ್ತಾರೆ. ಚೀಟಿಯಲ್ಲಿ ಟಿಎಸ್‌ಒಪಿ 1738 ಎಂದು ಬರೆದಿದ್ದರೆ ಪ್ರಾಜೆಕ್ಟ್ ಯಾವುದೆಂದು ಕೇಳಬೇಕಿಲ್ಲ: ಟಿವಿ ರಿಮೋಟಿನಿಂದ ಮನೆಯ ಬಲ್ಬು, ಫ್ಯಾನು ಹಾಕಿ ಆರಿಸುವುದು. ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಯೋಗ ನನಗೆ ಕಂಡಿಲ್ಲ. ನನ್ನ ತಕರಾರು ಅದನ್ನು ಮಾಡುವ, ಮಾಡಿಸುವ ರೀತಿಯ ಬಗ್ಗೆ.

ರಿಮೋಟಿನ ತುದಿಯ ಎಲ್‌ಇಡಿ ಸುಮಾರು 940 ನ್ಯಾನೋಮೀಟರಿನ ಅವಗೆಂಪು ಬೆಳಕು ಬೀರುತ್ತದೆ. ಅದು ಕಣ್ಣಿಗೆ ಕಾಣದು. ಹಲವು ಫೋನುಗಳ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ ತಿಳಿನೇರಳೆ ಚುಕ್ಕೆಯಾಗಿ ಕಾಣುತ್ತದೆ. ಬಿಸಿಲಿನಲ್ಲೂ ಅವಗೆಂಪು ಬೆಳಕು ತುಂಬಿರುವುದರಿಂದ ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಮೂರು ಕಾಲಿನ ಆ ಟಿಎಸ್‌ಒಪಿ ಈ ಮಿನುಗನ್ನಷ್ಟೇ ಆರಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದನೆಯ ಕಂತು, 4.5 ಮಿಲಿಸೆಕೆಂಡಿನ ಬಿಡುವು, ಆಮೇಲೆ 32 ಬಿಟ್‌ಗಳು. ಎರಡು ಕಂತಿನ ನಡುವಿನ ಬಿಡುವು ಚಿಕ್ಕದಾದರೆ ಸೊನ್ನೆ, ದೊಡ್ಡದಾದರೆ ಒಂದು. ಉಪಕರಣದ ವಿಳಾಸ ಒಮ್ಮೆ ನೇರವಾಗಿ, ಒಮ್ಮೆ ಸೊನ್ನೆ-ಒಂದುಗಳು ಅದಲುಬದಲಾಗಿ ಬರುತ್ತದೆ, ಆಜ್ಞೆಯೂ ಹಾಗೆಯೇ. ಎರಡೂ ತಾಳೆಯಾಗದಿದ್ದರೆ ಸಂದೇಶ ಕೆಟ್ಟಿದೆ ಎಂದು ತಿಳಿಯುತ್ತದೆ. ಯಾವ ಗುಂಡಿ ಒತ್ತಿದರೂ 16 ಸೊನ್ನೆ, 16 ಒಂದು ಇದ್ದೇ ಇರುವುದರಿಂದ ಪ್ರತಿ ಸಂದೇಶದ ಉದ್ದವೂ ಒಂದೇ. ಇಷ್ಟು ಚೊಕ್ಕವಾದ ವಿನ್ಯಾಸ ಪ್ರತಿ ಮನೆಯ ಟಿವಿ ಪಕ್ಕದಲ್ಲೇ ಬಿದ್ದಿದೆ ಎನ್ನುವುದೇ ನನಗೆ ದೊಡ್ಡ ಸಂತೋಷದ ಸಂಗತಿ.

ಹುಡುಗರು ಕಟ್ಟುವುದು ಎರಡು ಬಗೆ. ಹಳೆಯದರಲ್ಲಿ ಟಿಎಸ್‌ಒಪಿಯ ಹಿಂದೆ 555 ಟೈಮರ್, ಅದರ ಹಿಂದೆ ಎಣಿಕೆ ಮಾಡುವ ಸಿಡಿ 4017, ಕೊನೆಗೆ ರಿಲೇ. ಸ್ವಿಚ್ಚಾಗಿ ಇದು ಕೆಲಸಕ್ಕೆ ಬಾರದು. ಯಾವ ರಿಮೋಟಿನ ಯಾವ ಗುಂಡಿ ಒತ್ತಿದರೂ ಓಗೊಡುತ್ತದೆ. ಟಿವಿಯ ಸದ್ದು ಕಡಿಮೆ ಮಾಡಲು ಹೋದರೆ ಫ್ಯಾನು ನಿಲ್ಲುತ್ತದೆ. ಅದೂ ಅಲ್ಲದೆ, ಮೊದಲ ವರ್ಷದವರ ಕೈಗೆ 230 ವೋಲ್ಟಿನ ತಂತಿ ಕೊಡುವ ಅಗತ್ಯವೇ ಇಲ್ಲ, 12 ವೋಲ್ಟಿನ ಎಲ್‌ಇಡಿ ದೀಪ ಧಾರಾಳ ಸಾಕು. ಇಷ್ಟಾದರೂ ಪಾಠವಾಗಿ ನಾನು ಈ ಸರ್ಕ್ಯೂಟಿನ ಪರ. ಅದರ ದೋಷ ಕಣ್ಣಿಗೆ ರಾಚುತ್ತದೆ, ಪ್ರಶ್ನೆ ಹುಟ್ಟಿಸುತ್ತದೆ. ನಡುವಿನ 555 ತೆಗೆದು, 4017 ಅನ್ನು ಎರಡರ ಎಣಿಕೆಗೆ ಕಟ್ಟಿ, ಎನ್‌ಇಸಿ ರಿಮೋಟ್ ಒತ್ತಿ ನೋಡಿ. ರಿಲೇ ಕೊಂಚ ನಡುಗಿ, ಇದ್ದ ಸ್ಥಿತಿಗೇ ಮರಳುತ್ತದೆ. ಏಕೆಂದರೆ ಆರಂಭದ ಒಂದು, ಬಿಟ್‌ಗಳ 32, ಕೊನೆಯ ಒಂದು ಸೇರಿ ಕಂತುಗಳು 34, ಸಮಸಂಖ್ಯೆ. ಅಷ್ಟೂ ಕಂತುಗಳನ್ನು ನುಂಗಿ ಒಂದೇ ಏಟಾಗಿ ಮಾಡುವುದು 555ರ ಕೆಲಸವೆಂದು ಆಗ ತಿಳಿಯುತ್ತದೆ. ಗಟ್ಟಿ ಮಾಡಿದ ಉತ್ತರ ಮರೆತುಹೋಗಬಹುದು, ಹೀಗೆ ಕಂಡುಕೊಂಡದ್ದು ಮರೆಯುವುದಿಲ್ಲ.

ಎರಡನೆಯದು ಆರ್ಡುಯಿನೊ ಬೋರ್ಡು. ಕೆನ್ ಶಿರಿಫ್ 2009ರಲ್ಲಿ ಹೊರತಂದ ಐಆರ್‌ರಿಮೋಟ್ ಲೈಬ್ರರಿಯಿಂದ ನಾಲ್ಕಾರು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಅದು ಅಚ್ಚುಕಟ್ಟಾದ ಕೆಲಸ. ಅದರೊಳಗಿನ ಸಾಲುಗಳನ್ನು ಓದಿದವರು ಪುಣ್ಯವಂತರು. ಆದರೆ ಓದುವವರು ಎಷ್ಟು ಮಂದಿ? ಉದಾಹರಣೆಯ ಕೋಡನ್ನು ಎತ್ತಿ ಹಾಕಿ, ಪರದೆಯಲ್ಲಿ ಬಂದ ಸಂಖ್ಯೆಯನ್ನು ನಕಲು ಮಾಡಿ, ವರದಿಗೆ ಹೊಲಿಗೆ ಹಾಕಿಸುತ್ತಾರೆ. ಹಿಡಿದ ಸಂದೇಶವನ್ನು ಬೋರ್ಡಿನಿಂದಲೇ ಮರಳಿ ಕಳಿಸಲು ಹೋಗಿ, ಟಿವಿಗೆ ಸರಿಹೋದದ್ದು ಎಸಿಗೆ ಹೋಗದಿದ್ದಾಗ ಬಂಡವಾಳ ಬಯಲಾಗುತ್ತದೆ. ಎಸಿ ರಿಮೋಟ್ ಪ್ರತಿ ಸಲವೂ ಉಷ್ಣತೆ, ಗಾಳಿಯ ವೇಗ, ವಿಧಾನ ಎಲ್ಲವನ್ನೂ ಒಟ್ಟಿಗೆ ಕಳಿಸುವುದರಿಂದ ಸಂದೇಶ ಬಹಳ ಉದ್ದ. ಲೈಬ್ರರಿಯ ಹಳೆಯ ಆವೃತ್ತಿಗಳಲ್ಲಿ ಕಾಲದ ಅಳತೆಗಳಿಗಿದ್ದ ಸುಮಾರು ನೂರು ಜಾಗ ಸಾಲದೆ ಅದು ಅರ್ಧಕ್ಕೇ ತುಂಡಾಗುತ್ತಿತ್ತು. ಸಂದೇಶದ ರೂಪ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ನೋಡದವರು ಅಂಗಡಿಗೆ ಹೋಗಿ ಇನ್ನೊಂದು ಎಲ್‌ಇಡಿ ಕೊಳ್ಳುತ್ತಾರೆ.

ಇಂಥ ಕಲಿಕೆಯನ್ನು ಅಳೆಯಲು ದೂರದ ಅಳತೆಗೋಲು ಬೇಕಿಲ್ಲ. ಇದೇ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಅಯೂಕಾದ ಮುಕ್ತಾಂಗಣ ವಿಜ್ಞಾನ ಶೋಧಿಕೆಯಲ್ಲಿ ಅರವಿಂದ ಗುಪ್ತಾ ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದರು; 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಆಟಿಕೆಗಳಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಕಾರಣ ಕೈಯಲ್ಲೇ ಇರುತ್ತದೆ. ಆ ಅಳತೆಗೆ ನಮ್ಮ ರಿಮೋಟ್ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ.

ಸರಿಪಡಿಸಲು ಖರ್ಚೂ ಇಲ್ಲ. ಆಸಿಲೋಸ್ಕೋಪ್ ಇಲ್ಲದಿದ್ದರೆ ಟಿಎಸ್‌ಒಪಿಯ ಔಟ್‌ಪುಟ್ಟನ್ನು ಎರಡು ರೆಸಿಸ್ಟರುಗಳಿಂದ ತಗ್ಗಿಸಿ ಕಂಪ್ಯೂಟರಿನ ಮೈಕ್ ಕಿಂಡಿಗೆ ಕೊಟ್ಟು, ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿದರಾಯಿತು. ಸೆಕೆಂಡಿಗೆ 44,100 ಮಾದರಿ ಎಂದರೆ ಸುಮಾರು 23 ಮೈಕ್ರೋಸೆಕೆಂಡಿಗೊಂದು; ಎನ್‌ಇಸಿಯ ಚಿಕ್ಕ ಕಂತೇ 560 ಮೈಕ್ರೋಸೆಕೆಂಡ್ ಇರುವಾಗ ಅಷ್ಟು ಸಾಕೇ ಸಾಕು. ಅಲೆಯ ತಲೆ ಕೊಂಚ ಬಾಗಿ ಕಾಣಬಹುದು, ಅಂಚುಗಳು ಮಾತ್ರ ಖಚಿತ. ಅದನ್ನು ಹಿಗ್ಗಿಸಿ ಸೊನ್ನೆ, ಒಂದು ಎಂದು ಪೆನ್ಸಿಲಿನಿಂದ ಬರೆದುಕೊಂಡು ಹೋದರೆ ಮೊದಲ ಸಂಜೆಯೇ ವಿಳಾಸವೂ ಆಜ್ಞೆಯೂ ಕೈಗೆ ಬರುತ್ತವೆ. ಲೈಬ್ರರಿಯ ಸರದಿ ಅದಾದ ಮೇಲೆ.

ಪ್ರಾಜೆಕ್ಟ್ ನೋಡುವ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ವೈವಾದಲ್ಲಿ ಬಲ್ಬು ಹೊತ್ತಿಸಿ ತೋರಿಸಿ ಅನ್ನುವ ಮೊದಲು, ವಾಲ್ಯೂಮ್ ಗುಂಡಿಯ ಸಂದೇಶವನ್ನು ಹಲಗೆಯ ಮೇಲೆ ಬಿಡಿಸಲು ಹೇಳಿ. ಬಿಡಿಸಿದವರಿಗೆ, ಬಲ್ಬು ಹೊತ್ತದಿದ್ದರೂ, ಪೂರ್ತಿ ಅಂಕ ಕೊಡಿ.